ಗೊಂಬೆ ಮೊಲಕ್ಕೆ ಹಿಂಗಾಲಿಲ್ಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಹಟಮಾರಿಗಳನ್ನು ಕುರಿತ ಗಾದೆ. ಮಕ್ಕಳು ಅಪ್ಪಿಕೊಂಡು ಮಲಗುವ ಬಟ್ಟೆಯ ಮೊಲವನ್ನು ನೋಡಿದರೆ ಆ ಮೂರು ಕಾಲೂ ಹೆಚ್ಚೇ ಎನ್ನಿಸೀತು. ಹಿಂಗಾಲು ಇರಬೇಕಾದ ಕಡೆ ಹತ್ತಿ ತುಂಬಿದ ಎರಡು ಉಂಡೆ. ಹಲ್ಲೆಂದರೆ ಎರಡು ಬಿಳಿ ಚೌಕ. ಕೈಯಲ್ಲೊಂದು ಕ್ಯಾರೆಟ್, ಮುಖದಲ್ಲಿ ಸದಾ ನಗು. ಎತ್ತಿದರೂ ಎಸೆದರೂ ಕಿವಿ ಹಿಡಿದು ಎಳೆದಾಡಿದರೂ ಅದು ದೂರುವುದಿಲ್ಲ.

ಆಟಿಕೆಗೆ ಇಷ್ಟು ಸಾಕು. ತೊಂದರೆ ಶುರುವಾಗುವುದು ಆ ಮಗುವಿನ ಹುಟ್ಟುಹಬ್ಬಕ್ಕೆ ಅಪ್ಪ ಅಮ್ಮ ಜೀವಂತ ಮೊಲ ತಂದುಕೊಟ್ಟಾಗ. ಮೊಲ ಎಂದರೇನು ಎಂಬುದನ್ನು ಮಗು ಆಗಲೇ ಗೊಂಬೆಯಿಂದ ಕಲಿತಿರುತ್ತದೆ. ದೊಡ್ಡವರು ಕಲಿತದ್ದೂ ಬಹುಮಟ್ಟಿಗೆ ಅಲ್ಲಿಂದಲೇ. ಗೊಂಬೆ ಏನನ್ನು ಬಿಟ್ಟಿದೆಯೋ ನಿಜವಾದ ಮೊಲದ ಜೀವ ಉಳಿಯುವುದು ಅದನ್ನು ತಿಳಿದುಕೊಳ್ಳುವುದರಿಂದ.

ಗೊಂಬೆ ಮೊಲಗಳ ಚರಿತ್ರೆಯಲ್ಲಿ ಮುಖ್ಯವಾದ ಹೆಸರು ಇಂಗ್ಲೆಂಡಿನ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅವರದು. ಅವರ 'ಪೀಟರ್ ರ‍್ಯಾಬಿಟ್' ಕಥೆ 1902ರಲ್ಲಿ ಪುಸ್ತಕವಾಗಿ ಬಂತು. ಮರುವರ್ಷವೇ ಅವರು ಪೀಟರನ ಗೊಂಬೆಯೊಂದನ್ನು ಸ್ವತಃ ಹೊಲಿದು, 1903ರ ಡಿಸೆಂಬರಿನಲ್ಲಿ ಅದನ್ನು ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿದರು. ಗೊಂಬೆ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲಲೆಂದು ಅದರ ಪಾದಗಳಲ್ಲಿ ಸೀಸದ ಗುಂಡು ಇರಿಸಿದ್ದರು. ಪುಸ್ತಕದ ಪಾತ್ರವೊಂದು ಹೀಗೆ ಹಕ್ಕು ನೋಂದಾಯಿಸಿದ ಸರಕಾದ ತೀರ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ವಿಚಿತ್ರವೆಂದರೆ ಪಾಟರ್ ಅವರಿಗೆ ನಿಜವಾದ ಮೊಲ ಚೆನ್ನಾಗಿ ಗೊತ್ತಿತ್ತು. ಲಂಡನ್ನಿನ ಬೀದಿಯೊಂದರಲ್ಲಿ ನಾಲ್ಕು ಷಿಲಿಂಗ್ ಆರು ಪೆನ್ನಿ ಕೊಟ್ಟು ತಂದ ಅವರ ಪೀಟರ್ ಮನೆಯೊಳಗೇ ಬೆಳೆದು ಒಂಬತ್ತು ವರ್ಷ ಬಾಳಿತ್ತು. 1901ರ ಜನವರಿಯಲ್ಲಿ ತೀರಿಕೊಂಡಿತು. ಅವರ ಕಥೆಯ ಪೀಟರ್ ತೋಟಕ್ಕೆ ನುಗ್ಗಿ ತಿನ್ನುವುದು ಲೆಟ್ಯೂಸ್ ಸೊಪ್ಪು, ಹುರುಳಿಕಾಯಿ ಮತ್ತು ಮೂಲಂಗಿ. ಕೊನೆಗೆ ಹೊಟ್ಟೆ ಕೆಟ್ಟು ಪಾರ್ಸ್ಲಿ ಸೊಪ್ಪು ಹುಡುಕಿಕೊಂಡು ಹೋಗುತ್ತದೆ. ಕ್ಯಾರೆಟ್ ತಿನ್ನುವುದಿಲ್ಲ. ಚಿತ್ರದಲ್ಲಿ ಪೀಟರ್ ಕಚ್ಚುತ್ತಿರುವ ಉದ್ದನೆಯ ಕೆಂಪು ಮೂಲಂಗಿಯನ್ನು ಕ್ಯಾರೆಟ್ ಎಂದು ನೋಡಿದವರು ನಾವು.

ಹಾಗಾದರೆ ಕ್ಯಾರೆಟ್ ಎಲ್ಲಿಂದ ಬಂತು? ಅದನ್ನು ಮನೆಮಾತು ಮಾಡಿದ್ದು ಅಮೆರಿಕದ ಬಗ್ಸ್ ಬನಿ. 1940ರ ಜುಲೈನಲ್ಲಿ ತೆರೆಕಂಡ ವಾರ್ನರ್ ಸಂಸ್ಥೆಯ ಕಾರ್ಟೂನ್ ಚಿತ್ರದಿಂದ ಅವನ ಖ್ಯಾತಿ ಶುರುವಾಯಿತು. ಕ್ಯಾರೆಟ್ ಕಚ್ಚುತ್ತ ಮಾತನಾಡುವ ಅವನ ಠೀವಿ 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್' ಚಿತ್ರದಲ್ಲಿ ನಟ ಕ್ಲಾರ್ಕ್ ಗೇಬಲ್ ಕ್ಯಾರೆಟ್ ತಿನ್ನುವ ದೃಶ್ಯದಿಂದ ಹುಟ್ಟಿದ್ದೆಂದು ಬಗ್ಸ್ ಚಿತ್ರಗಳ ನಿರ್ದೇಶಕರಲ್ಲೊಬ್ಬರಾದ ಬಾಬ್ ಕ್ಲಾಂಪೆಟ್ ಹೇಳಿದ್ದುಂಟು. ಅಂದರೆ ಲೋಕದ ಮಕ್ಕಳು ಮೊಲಕ್ಕೆ ಕ್ಯಾರೆಟ್ ತಿನ್ನಿಸುವುದಕ್ಕೆ ಕಾರಣ ಮೊಲವಲ್ಲ, ಒಬ್ಬ ಸಿನಿಮಾ ನಟ!

ಮೊಲದ ನಿಜವಾದ ಆಹಾರ ಹುಲ್ಲು. ಹಸಿ ಗರಿಕೆ ಇರಬಹುದು, ಚೆನ್ನಾಗಿ ಒಣಗಿಸಿದ ಹುಲ್ಲಿರಬಹುದು, ಹಗಲೂ ರಾತ್ರಿಯೂ ಅದು ಮುಂದಿರಬೇಕು. ಉಳಿದದ್ದು ಒಂದಿಷ್ಟು ಸೊಪ್ಪು. ಸಕ್ಕರೆಯ ಅಂಶವಿರುವ ಕ್ಯಾರೆಟ್ ಅಪರೂಪಕ್ಕೊಂದು ಚೂರು ಸಾಕು. ಇದರ ಹಿಂದಿನ ಗುಟ್ಟು ಹಲ್ಲಿನಲ್ಲಿದೆ. ಮೊಲಕ್ಕೆ 28 ಹಲ್ಲು. ಅಷ್ಟೂ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂಬಾಯಿಯ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ಸವೆತ ಬೆಳವಣಿಗೆಗೆ ಸಮನಾಗುತ್ತದೆ. ಇಲ್ಲದಿದ್ದರೆ ದವಡೆ ಹಲ್ಲಿನ ಅಂಚು ಮುಳ್ಳಿನಂತೆ ಚೂಪಾಗಿ ನಾಲಗೆ ಮತ್ತು ಕೆನ್ನೆಯನ್ನು ಕೊಯ್ಯುತ್ತದೆ. ನೋವಿಗೆ ಮೊಲ ಮೇವು ಬಿಡುತ್ತದೆ. ಮೇವು ನಿಂತರೆ ಕರುಳಿನ ಚಲನೆಯೂ ನಿಲ್ಲುತ್ತದೆ. ಅರ್ಧ ದಿನ ಏನನ್ನೂ ತಿನ್ನದ ಮೊಲವನ್ನು ನಾಳೆ ನೋಡೋಣ ಎಂದು ಬಿಡುವಂತಿಲ್ಲ. ಅದನ್ನು ಅಂದೇ ಪಶುವೈದ್ಯರ ಬಳಿ ಒಯ್ಯಬೇಕು.

ಇನ್ನು ಹಿಂಗಾಲಿನ ವಿಷಯ. ಮಾರ್ಜರಿ ವಿಲಿಯಮ್ಸ್ ಎಂಬ ಲೇಖಕಿ 1922ರಲ್ಲಿ 'ದಿ ವೆಲ್ವೆಟೀನ್ ರ‍್ಯಾಬಿಟ್' ಎಂಬ ಕಥೆ ಬರೆದರು. ಮಖಮಲ್ಲಿನಂಥ ಬಟ್ಟೆಯ ಗೊಂಬೆ ಮೊಲವೊಂದಕ್ಕೆ ನಿಜವಾದ ಮೊಲವಾಗುವ ಆಸೆ. ಒಂದು ದಿನ ಕಾಡಿನ ಮೊಲಗಳು ಎದುರಾಗುತ್ತವೆ. ಇದಕ್ಕೆ ಹಿಂಗಾಲೇ ಇಲ್ಲವಲ್ಲ ಎಂದು ಅವು ಸೋಜಿಗಪಡುತ್ತವೆ. ಗೊಂಬೆಗೂ ಜೀವಕ್ಕೂ ಇರುವ ವ್ಯತ್ಯಾಸವನ್ನು ಲೇಖಕಿ ಸರಿಯಾದ ಜಾಗದಲ್ಲೇ ಗುರುತಿಸಿದ್ದರು.

ಏಕೆಂದರೆ ಮೊಲದ ಬಲವೆಲ್ಲ ಹಿಂಗಾಲಿನಲ್ಲಿದೆ. ಅದರ ಮೂಳೆಗಳು ಮಾತ್ರ ಬಹಳ ಹಗುರ. ಮಗು ಗೊಂಬೆಯಂತೆ ಎದೆಗವಚಿಕೊಂಡಾಗ ಬೆದರಿದ ಮೊಲ ಜೋರಾಗಿ ಒದೆಯುತ್ತದೆ. ಹಿಂಭಾಗಕ್ಕೆ ಆಸರೆ ಇಲ್ಲದಿದ್ದರೆ ಆ ಒದೆತಕ್ಕೇ ಅದರ ಬೆನ್ನುಮೂಳೆ ಮುರಿಯಬಹುದು, ಹಿಂಗಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಎತ್ತಲೇಬೇಕಾದಾಗ ದೊಡ್ಡವರು ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಪೃಷ್ಠದ ಕೆಳಗೂ ಕೊಟ್ಟು ಮೈಗೊರಗಿಸಿ ಹಿಡಿಯಬೇಕು. ಕಿವಿ ಹಿಡಿದು ಎತ್ತುವುದಂತೂ ಕೂಡದು. ಆ ಕಿವಿಗಳು ರಕ್ತನಾಳ ತುಂಬಿದ ಸೂಕ್ಷ್ಮ ಅಂಗ. ಮೈಯ ಕಾವು ಹೊರಹೋಗುವುದು ಮುಖ್ಯವಾಗಿ ಅವುಗಳ ಮೂಲಕ.

ಗೊಂಬೆ ಕಲಿಸುವ ಮತ್ತೊಂದು ಪಾಠ, ಸುಮ್ಮನಿದ್ದರೆ ಸುಖವಾಗಿದೆ ಎಂಬುದು. ಮೊಲ ಹುಟ್ಟಾ ಬೇಟೆಗೆ ಸಿಕ್ಕುವ ಪ್ರಾಣಿ. ನೋವನ್ನು ತೋರಿಸಿಕೊಂಡರೆ ಹದ್ದಿನ ಪಾಲು, ನರಿಯ ಪಾಲು. ಆದ್ದರಿಂದ ಅದು ಮುಚ್ಚಿಟ್ಟುಕೊಳ್ಳುತ್ತದೆ. ಅಂಗಾತ ಮಲಗಿಸಿದಾಗ ಅದು ಅಲುಗಾಡದಿರುವುದನ್ನು ಅನೇಕರು ನೆಮ್ಮದಿಯ ನಿದ್ದೆ ಎಂದುಕೊಳ್ಳುತ್ತಾರೆ. ಅದು ಶತ್ರುವಿನ ಬಾಯಿಗೆ ಸಿಕ್ಕಾಗಿನ ಮರಗಟ್ಟುವಿಕೆ. ಮೊಲ ನಿಜವಾಗಿ ಹೇಳುವುದು ಬೇರೆ ರೀತಿಯಲ್ಲಿ. ಹಿಂಗಾಲನ್ನು ನೆಲಕ್ಕೆ ದಪ್ಪನೆ ಬಡಿದರೆ ಅಪಾಯದ ಸೂಚನೆ. ಮುದುಡಿ ಕುಳಿತು ಜೋರಾಗಿ ಹಲ್ಲು ಕಡಿದರೆ ನೋವು. ಓಡುತ್ತ ಓಡುತ್ತ ಗಾಳಿಯಲ್ಲಿ ನೆಗೆದು ಮೈ ತಿರುಚಿದರೆ ಸಂತೋಷ.

ಆಟಿಕೆಯ ಪೆಟ್ಟಿಗೆಯೊಳಗೆ ಪುಟ್ಟ ಗೂಡೂ ಇರುವುದುಂಟು. ಅದನ್ನು ಕಂಡು ಬೆಳೆದವರಿಗೆ ಅಂಗಡಿಯ ಸಣ್ಣ ತಂತಿ ಪಂಜರ ಸಾಕೆನ್ನಿಸುತ್ತದೆ. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯ ಸಲಹೆ ಬೇರೆ. ಜೋಡಿ ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು. ಜೋಡಿ ಏಕೆಂದರೆ ಮೊಲ ಸಂಗಜೀವಿ. ಆದರೆ ಗಂಡು ಹೆಣ್ಣನ್ನು ಶಸ್ತ್ರಚಿಕಿತ್ಸೆ ಮಾಡಿಸದೆ ಒಟ್ಟಿಗೆ ಬಿಟ್ಟರೆ ತಿಂಗಳೊಳಗೇ ಮರಿಗಳ ಸಾಲು.

ಅಮೆರಿಕದಲ್ಲಿ ಈ ತಪ್ಪು ತಿಳಿವಳಿಕೆ ಈಸ್ಟರ್ ಹಬ್ಬದೊಂದಿಗೆ ತಳುಕು ಹಾಕಿಕೊಂಡಿದೆ. ಹಬ್ಬಕ್ಕೆ ಬುಟ್ಟಿಯಲ್ಲಿ ಗೊಂಬೆಯ ಮೊಲ, ಚಾಕೊಲೇಟ್ ಮೊಲ, ಜತೆಗೆ ಜೀವಂತ ಮರಿ. ಕೆಲವು ತಿಂಗಳಲ್ಲಿ ಮರಿ ಬೆಳೆದು ವೈರು ಕಡಿಯತೊಡಗಿದಾಗ ಅದು ಪ್ರಾಣಿ ಆಶ್ರಯಧಾಮದ ಪಾಲು. ಇದನ್ನು ತಡೆಯಲು 2002ರಲ್ಲಿ ಓಹಾಯೋ ರಾಜ್ಯದ ಮೊಲಪ್ರಿಯರು 'ನನಗೆ ಚಾಕೊಲೇಟಿನದೇ ಇರಲಿ' ಎಂಬ ಅರ್ಥದ ಪ್ರಚಾರಾಂದೋಲನ ಶುರು ಮಾಡಿದರು. ಇಂಗ್ಲೆಂಡಿನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆ 16 ವರ್ಷದೊಳಗಿನವರಿಗೆ ಪ್ರಾಣಿ ಮಾರುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಈ ಮಿತಿ 12 ವರ್ಷವಿತ್ತು. ಸಾಕುಪ್ರಾಣಿಯ ಹೊಣೆ ದೊಡ್ಡವರದೆಂದು ಕಾನೂನೇ ಹೇಳಿದಂತಾಯಿತು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ಕನ್ನಡದಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರು. ಆಮೆಯೊಡನೆ ಪಂದ್ಯ ಕಟ್ಟಿದ, ಸಿಂಹವನ್ನು ಬಾವಿಗೆ ಬೀಳಿಸಿದ ಮೊಲ ಬಯಲಿನ ಕಾಡುಮೊಲದ ಕುಲದ್ದು. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸಾಕುವಂತಿಲ್ಲ. ಪಂಜರದಲ್ಲಿ ಮಾರುವ ಬಿಳಿಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಬಿಸಿಲಲ್ಲಿ ಅದು ಬಿಲದೊಳಗೆ ತಂಪಾಗಿರುತ್ತದೆ. 30 ಡಿಗ್ರಿ ದಾಟಿದ ಸೆಕೆಯೇ ಅದಕ್ಕೆ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರ್ಗಿಗಳ ತಾರಸಿಯ ಮೇಲೆ ಪಂಜರವಿಟ್ಟರೆ ಅದರ ಗತಿ ಹೇಳಬೇಕಿಲ್ಲ.

ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 12 ವರ್ಷ ಬದುಕುತ್ತದೆ. ಇಂದು ಮೂರನೆಯ ತರಗತಿಯಲ್ಲಿರುವ ಮಗು ಕಾಲೇಜು ಸೇರಿದಾಗಲೂ ಅದಕ್ಕೆ ಹುಲ್ಲು ತರುವವರು ಮನೆಯಲ್ಲಿರಬೇಕು. ಅಷ್ಟು ಸಾಧ್ಯವಿಲ್ಲ ಎನ್ನುವವರು ಬಟ್ಟೆಯ ಮೊಲದಲ್ಲೇ ತೃಪ್ತರಾಗುವುದು ಮೇಲು. ಸಾಧ್ಯವಿದೆ ಎನ್ನುವವರು ಮಗುವಿಗೆ ಮೊದಲು ಹೇಳಿಕೊಡಬೇಕಾದದ್ದು ಒಂದೇ ಮಾತು: ನೆಲದ ಮೇಲೆ ಸುಮ್ಮನೆ ಕುಳಿತುಕೋ, ಅದಾಗಿಯೇ ಹತ್ತಿರ ಬರಲಿ. ಅದಕ್ಕೆ ಹಿಂಗಾಲುಗಳಿವೆ.