ಪಿತೃಶಬ್ದದ ಅರ್ಥವಿಸ್ತಾರ: ಚಿತ್ರದುರ್ಗಸೀಮೆಯ ಕೆಲವು ಸಾಕ್ಷ್ಯಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿರುವುದು 1892ರಲ್ಲಿ ಬಿ. ಎಲ್. ರೈಸರಿಂದ ಬೆಳಕಿಗೆ ಬಂದಿತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದ ಈ ಧರ್ಮಾಜ್ಞೆಯು ಮಾತಾಪಿತೃಗಳ ಶುಶ್ರೂಷೆಯನ್ನು ವಿಧಿಸಿ, ಪ್ರಾಣಿದಯೆಯನ್ನೂ ಸತ್ಯವನ್ನೂ ಹೇಳಿ, ಬಳಿಕ ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆನ್ನುತ್ತದೆ. ಆರ್ಯಪುತ್ರನೆಂದರೆ ರಾಜಕುಮಾರನೆಂದೇ ವಿದ್ವಾಂಸರಲ್ಲಿ ಹಲವರ ಮತ. ಹಾಗಾದರೆ ತಂದೆಯನ್ನು ಸೇವಿಸಿರೆಂಬ ಅರಸನ ಮಾತು ಮಗನ ಕೈಯಿಂದಲೇ ಈ ನಾಡಿಗೆ ಬಂದಂತಾಯಿತು. ಕನ್ನಡನಾಡಿನಲ್ಲಿ ಬರೆಹಕ್ಕಿಳಿದ ಪಿತೃಗೌರವದ ಅತಿಪ್ರಾಚೀನ ಸಾಕ್ಷ್ಯಗಳಲ್ಲಿ ಇದೊಂದು.

ಇಲ್ಲಿ ತಾಯಿಯ ಹೆಸರು ಮೊದಲು ಬಂದಿರುವುದು ಗಮನಾರ್ಹ. ಮಾತೃಪಿತೃಶಬ್ದಗಳು ಜೊತೆಗೂಡಿದಾಗ ಪಿತೃಶಬ್ದವೊಂದೇ ವಿಕಲ್ಪವಾಗಿ ಉಳಿಯಬಹುದೆಂದು ಪಾಣಿನಿಯ ಮತ; ಆದುದರಿಂದಲೇ ‘ಪಿತರೌ’ ಎಂದರೆ ತಾಯಿತಂದೆಗಳಿಬ್ಬರೂ. ಎರಡು ಶಬ್ದಗಳೂ ನಿಂತರೆ ಹೆಚ್ಚು ಪೂಜ್ಯವಾದುದೇ ಮುಂದೆ ಬರಬೇಕೆಂದು ವಾರ್ತಿಕ. ಅದಕ್ಕೆ ಕಾಶಿಕೆಯು ಕೊಡುವ ಉದಾಹರಣೆ ‘ಮಾತಾಪಿತರೌ’ ಎಂಬುದು. ತಂದೆಯು ಒಂಟಿಯಾಗಿ ನಿಂತಾಗ ತಾಯಿಯನ್ನು ಒಳಗೊಳ್ಳುತ್ತಾನೆ, ಜೊತೆಯಲ್ಲಿ ನಿಂತಾಗ ಆಕೆಗೆ ಹಿಂದಾಗುತ್ತಾನೆ. ಸಮಾಜದ ನಡೆಯೂ ಬಹುಮಟ್ಟಿಗೆ ಹೀಗೆಯೇ ಇದೆ: ಅಧಿಕಾರ ಅವನದು, ಭಕ್ತಿ ಅವಳಿಗೆ.

ಕಾಳಿದಾಸನು ರಘುವಂಶದ ಮೊದಲ ಸರ್ಗದಲ್ಲಿ ಈ ಶಬ್ದವನ್ನು ಮತ್ತೊಂದು ಕಡೆಗೆ ತಿರುಗಿಸಿದನು. ಪ್ರಜೆಗಳಿಗೆ ವಿನಯವನ್ನು ಕಲಿಸಿ, ಅವರನ್ನು ಕಾಪಾಡಿ, ಪೋಷಿಸಿದುದರಿಂದ ದಿಲೀಪನೇ ಅವರ ತಂದೆ. ಹೆತ್ತವರು ಜನ್ಮಕ್ಕೆ ಹೇತುಗಳು ಮಾತ್ರ. ಅರಸನ ಪ್ರಶಂಸೆಗೆ ಮನೆಯ ತಂದೆಯನ್ನು ಇಷ್ಟು ಕಿರಿದುಮಾಡಬೇಕಿತ್ತೇ ಎಂಬ ಸಂಶಯ ಓದುಗರಿಗೆ ಬಾರದಿರದು. ಆದರೂ ಶಿಕ್ಷಣ, ರಕ್ಷಣ, ಭರಣಗಳೆಂಬ ಮೂರು ಕಾರ್ಯಗಳಿಂದ ಪಿತೃತ್ವವನ್ನು ಅಳೆಯಬಹುದೆಂಬುದು ಇದರಿಂದ ಸ್ಥಿರವಾಯಿತು. ಅರಸರು ಹೋದ ಮೇಲೂ ಈ ಅರ್ಥ ಹೋಗಲಿಲ್ಲ. 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ತುರುವನೂರಿನಲ್ಲಿ ನಡೆದಾಗ, ಅದಕ್ಕೆ ದಾರಿ ತೋರಿದ ಗಾಂಧಿಯವರನ್ನು ದೇಶವು ಕರೆಯುತ್ತಿದ್ದುದು ‘ಬಾಪು’, ಎಂದರೆ ತಂದೆ, ಎಂದೇ. 1944ರಲ್ಲಿ ಸುಭಾಷಚಂದ್ರ ಬೋಸರು ಆಕಾಶವಾಣಿಯ ಭಾಷಣದಲ್ಲಿ ಅವರನ್ನು ರಾಷ್ಟ್ರಪಿತರೆಂದು ಸಂಬೋಧಿಸಿದರು.

ಈಗ ಜೂನ್ ತಿಂಗಳ ಮೂರನೆಯ ಭಾನುವಾರ ಪತ್ರಿಕೆಗಳು ಆಚರಿಸುವ ‘ಅಪ್ಪಂದಿರ ದಿನ’ವು ಅಮೆರಿಕದ ಸ್ಪೋಕೇನ್ ಪಟ್ಟಣದಲ್ಲಿ 1910ರಲ್ಲಿ ಆರಂಭವಾದುದು. ಅಲ್ಲಿ ತಾಯಂದಿರ ದಿನಕ್ಕೆ 1914ರಲ್ಲಿಯೇ ರಾಜಮನ್ನಣೆ ದೊರೆಯಿತು. ತಂದೆಯರ ದಿನಕ್ಕೆ ಶಾಶ್ವತವಾದ ಶಾಸನ ಬಂದುದು 1972ರಲ್ಲಿ. ವಾರ್ತಿಕಕಾರನ ನಿಯಮವು ಸಮುದ್ರದಾಚೆಯೂ ನಡೆಯಿತೆನ್ನಬೇಕು! ಆ ದಿನದ ಲೇಖನಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಕಾಣುವವನು ಮೌನವಾಗಿ ದುಡಿದು ಮನೆಗೆ ತರುವ ತಂದೆ. ಕಾಳಿದಾಸನ ಮೂರರಲ್ಲಿ ಭರಣವೊಂದೇ ಅಲ್ಲಿ ಉಳಿದಿದೆ.

ಶಿಕ್ಷಣದ ಭಾಗವನ್ನು ಗಾಢವಾಗಿ ಪರೀಕ್ಷಿಸಿದ ಕೃತಿ ಈ ಸೀಮೆಯದೇ. ತಳುಕಿನ ತ. ರಾ. ಸುಬ್ಬರಾಯರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಗೆ ಹೆತ್ತ ತಂದೆ ಮನೆಯಲ್ಲಿಯೇ ಇದ್ದಾನೆ. ಅವನ ಮಾತು ಮಗನಿಗೆ ಹಿಡಿಸದು. ಚಾಮಯ್ಯ ಮೇಷ್ಟ್ರ ಮಾತಾದರೆ ವೇದವಾಕ್ಯ. ಊರೆಲ್ಲ ಒರಟನೆಂದ ಹುಡುಗನಲ್ಲಿ ಗುಣವನ್ನು ಕಂಡವರು ಅವರೊಬ್ಬರೇ. ಆ ಋಣಕ್ಕಾಗಿಯೇ ಅವರ ಮಾತಿಗೆ ಕಟ್ಟುಬಿದ್ದು ಶಿಷ್ಯನು ತಾನೊಲಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳ ಬಾಳು ಹಾಳಾದುದನ್ನು ಕಣ್ಣಾರೆ ಕಾಣುತ್ತಾನೆ. ಆದುದರಿಂದ ಮಾರ್ಗರೆಟ್ಟಳ ವಿಷಯದಲ್ಲಿ ಗುರುವು ಮತ್ತೆ ಅಡ್ಡಬಂದಾಗ ಅವನು ಮಣಿಯುವುದಿಲ್ಲ. ಕೆ. ಎಸ್. ಅಶ್ವತ್ಥರ ಚಾಮಯ್ಯನನ್ನು ಜನರು ವಾತ್ಸಲ್ಯಮೂರ್ತಿಯೆಂದೇ ನೆನೆಯುತ್ತಾರೆ, ಅದು ಅಸತ್ಯವಲ್ಲ. ಆದರೆ ಶುಶ್ರೂಷೆಯನ್ನು ಕೇಳುವವನು ಮಗನ ಬಾಳನ್ನೇ ಕೇಳಿದರೆ ಏನಾಗುವುದೆಂಬ ಪ್ರಶ್ನೆಗೆ ಬ್ರಹ್ಮಗಿರಿಯ ಬಂಡೆಯಲ್ಲಿ ಉತ್ತರವಿಲ್ಲ. ಚಿತ್ರದ ಕೊನೆಯಲ್ಲಿ ಮೊದಲು ಗುರು, ಬಳಿಕ ಶಿಷ್ಯ, ಇಬ್ಬರೂ ದುರ್ಗದ ಬಂಡೆಗಳಿಂದ ಬಿದ್ದು ಮಡಿಯುತ್ತಾರೆ.