ಕೂಟ, ಗಾದೆ ಮತ್ತು ನೆನಪು: ನಗರ ದಂಗೆಯಲ್ಲಿ ಪ್ರಜೆಗಳ ಅವಿಶ್ವಾಸದ ಸ್ವರೂಪ

ಪ್ರಭುತ್ವದ ಮೇಲಿನ ಪ್ರಜೆಗಳ ನಂಬಿಕೆ ಕುಸಿದುದನ್ನು ಆಡಳಿತದ ದಾಖಲೆಗಳು ಸಾಮಾನ್ಯವಾಗಿ ದಂಗೆ ಎದ್ದ ದಿನದಿಂದ ಲೆಕ್ಕ ಹಾಕುತ್ತವೆ. ಅದಕ್ಕೂ ಹಿಂದಿನ ದೀರ್ಘ ಅಸಮಾಧಾನದ ಕಾಲ ಅವುಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಆದರೆ ಜನಪದರು ಆ ಕಾಲದಲ್ಲಿ ಸುಮ್ಮನಿರುವುದಿಲ್ಲ. ಅವರು ಗಾದೆಯಾಡುತ್ತಾರೆ, ಹಿಂದಿನ ಅರಸನನ್ನು ನೆನೆಯುತ್ತಾರೆ, ಕೊನೆಗೆ ಕೂಟ ಸೇರುತ್ತಾರೆ. ಮೈಸೂರು ಸಂಸ್ಥಾನದಲ್ಲಿ ೧೮೩೦-೩೧ರಲ್ಲಿ ನಡೆದ ನಗರ ದಂಗೆಯು ಈ ಪ್ರಕ್ರಿಯೆಯನ್ನು ಸ್ಪಷ್ಟವಾಗಿ ತೋರಿಸುವ ಪ್ರಸಂಗವಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತಾಧಿಕಾರವನ್ನು ಕಳೆದುಕೊಳ್ಳಲು, ಸಂಸ್ಥಾನವು ಐವತ್ತು ವರ್ಷ ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡಲು ಕಾರಣವಾದ ಈ ಘಟನೆಯನ್ನು ಜಾನಪದದ ನೆಲೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಮೂರು ಗಾದೆ, ಮೂರು ಹಂತ

ಆಳುವವರ ಮೇಲಿನ ಅವಿಶ್ವಾಸವು ಒಂದೇ ಬಗೆಯದಲ್ಲ. ಕನ್ನಡದಲ್ಲಿ ಪ್ರಚಲಿತವಾಗಿರುವ ಮೂರು ಗಾದೆಗಳು ಅದರ ಮೂರು ಹಂತಗಳನ್ನು ಗುರುತಿಸುತ್ತವೆ. 'ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ' ಎಂಬುದು ಮೊದಲನೆಯದು. ಇಲ್ಲಿ ದೂರು ನಡುವೆ ನಿಂತವನ ಮೇಲೆ. ದೇವರ ಮೇಲಿನ ನಂಬಿಕೆಗೆ ಧಕ್ಕೆಯಾಗಿಲ್ಲ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬುದು ಎರಡನೆಯದು. ಕಾಯಬೇಕಾದ ವ್ಯವಸ್ಥೆಯೇ ಕೆಟ್ಟಿದೆ ಎಂಬ ತೀರ್ಮಾನ ಇದರಲ್ಲಿದೆ. 'ರಾಮ ರಾಜ್ಯವಾಳಿದರೂ ರಾಗಿ ಬೀಸುವುದು ತಪ್ಪಲಿಲ್ಲ' ಎಂಬುದು ಮೂರನೆಯದು. ಇಲ್ಲಿ ದೂರೂ ಇಲ್ಲ, ನಿರೀಕ್ಷೆಯೂ ಇಲ್ಲ. ಯಾರು ಆಳಿದರೂ ತನ್ನ ಪಾಡು ಬದಲಾಗದು ಎಂಬ ಉದಾಸೀನವಿದೆ. ಗಾದೆಗಳಿಗೆ ತಾರೀಖು ಇರುವುದಿಲ್ಲವಾದುದರಿಂದ ಇವು ನಗರ ದಂಗೆಯ ಕಾಲದಲ್ಲಿಯೇ ಹುಟ್ಟಿದವೆಂದು ಹೇಳುವ ಅಗತ್ಯವಿಲ್ಲ. ಜನಮನವು ಪ್ರಭುತ್ವವನ್ನು ಅಳೆಯುವ ಕ್ರಮವನ್ನು ಇವು ತಿಳಿಸುತ್ತವೆ ಎಂಬುದಷ್ಟೇ ಇಲ್ಲಿ ಮುಖ್ಯ.

೨. ನಡುವೆ ನಿಂತವರು

೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯು ಬಾಲಕ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿತು. ಅಂದಿನ ಒಪ್ಪಂದದ ಪ್ರಕಾರ ಮೈಸೂರು ಪ್ರತಿವರ್ಷ ಏಳು ಲಕ್ಷ ಪಗೋಡಗಳನ್ನು ಕಂಪನಿಗೆ ಸಲ್ಲಿಸಬೇಕಾಗಿತ್ತು. ದಿವಾನ್ ಪೂರ್ಣಯ್ಯನವರು ೧೮೧೧ರಲ್ಲಿ ಅಧಿಕಾರದಿಂದ ನಿವೃತ್ತರಾದ ಮೇಲೆ ಒಡೆಯರು ಸ್ವತಃ ಆಳ್ವಿಕೆ ವಹಿಸಿಕೊಂಡರು. ಮುಂದಿನ ಎರಡು ದಶಕಗಳಲ್ಲಿ ಖಜಾನೆಯ ಸ್ಥಿತಿ ಹದಗೆಟ್ಟು, ಸೈನಿಕರ ಸಂಬಳವೂ ಬಾಕಿ ಉಳಿಯತೊಡಗಿತು.

ಈ ಹೊರೆ ಅಂತಿಮವಾಗಿ ಇಳಿದದ್ದು ರೈತನ ಹೆಗಲ ಮೇಲೆ. ಅದನ್ನು ಇಳಿಸಿದ ಸಾಧನ 'ಶರ್ತು' ಪದ್ಧತಿ. ತನ್ನ ತಾಲ್ಲೂಕಿನಿಂದ ಇಷ್ಟು ಕಂದಾಯವನ್ನು ವಸೂಲು ಮಾಡಿ ಕೊಡುತ್ತೇನೆ, ಕಡಿಮೆಯಾದರೆ ತಾನೇ ತುಂಬಿಕೊಡುತ್ತೇನೆ ಎಂದು ಅಮಲ್ದಾರನು ಸರ್ಕಾರಕ್ಕೆ ಶರ್ತು ಬರೆದುಕೊಡುತ್ತಿದ್ದನು. ಮಳೆ ಬಂದರೂ ಬಾರದಿದ್ದರೂ ಶರ್ತಿನ ಮೊತ್ತ ಕರಗುತ್ತಿರಲಿಲ್ಲ. ಹೀಗಾಗಿ ಬೆಳೆಯ ಅನಿಶ್ಚಿತತೆ ಪೂರ್ತಿಯಾಗಿ ರೈತನ ಪಾಲಿಗೂ, ವಸೂಲಿಯ ಅಧಿಕಾರ ಪೂರ್ತಿಯಾಗಿ ಅಮಲ್ದಾರನ ಪಾಲಿಗೂ ಬಂದಿತು.

ನಗರ ಫೌಜುದಾರಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿತು. ಅಲ್ಲಿ ದೀರ್ಘಕಾಲ ಅಧಿಕಾರ ನಡೆಸಿದ ಗುಂಪು ಒಂದಾದರೆ, ಅನಂತರ ಫೌಜುದಾರನಾಗಿ ಬಂದ ವೀರರಾಜೇ ಅರಸು ಮತ್ತೊಂದು ಪಕ್ಷದವನು. ಹಿಂದಿನವರು ಕೊಟ್ಟಿದ್ದ ವಜಾಗಳನ್ನು ಆತ ಅಮಾನ್ಯ ಮಾಡಿ, ಬಿಟ್ಟುಕೊಟ್ಟಿದ್ದ ಬಾಕಿಯನ್ನು ಮತ್ತೆ ಕೇಳತೊಡಗಿದನು. ಒಬ್ಬ ಅಧಿಕಾರಿ ಮಾಫಿ ಮಾಡಿದ್ದನ್ನು ಇನ್ನೊಬ್ಬ ಅಧಿಕಾರಿ ಕೇಳಬಹುದಾದರೆ ಸರ್ಕಾರದ ಮಾತಿಗೆ ಬೆಲೆಯೇನು ಎಂಬ ಪ್ರಶ್ನೆ ಏಳುವುದು ಸಹಜ. ಪೂಜಾರಿಯ ಮೇಲಿದ್ದ ದೂರು ಗುಡಿಯತ್ತ ತಿರುಗಿದ್ದು ಈ ಹಂತದಲ್ಲಿ ಎನ್ನಬಹುದು.

೩. ಶಿಸ್ತಿನ ನೆನಪು

ಅವಿಶ್ವಾಸಕ್ಕೆ ಒಂದು ಅಳತೆಗೋಲು ಬೇಕು. ನಗರದ ರೈತರಿಗೆ ಆ ಅಳತೆಗೋಲು ಶಿವಪ್ಪನಾಯಕನ ಶಿಸ್ತು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಕೆಳದಿಯ ಈ ಅರಸನು, ಪ್ರತಿ ಗ್ರಾಮದಲ್ಲಿಯೂ ಬಗೆಬಗೆಯ ಭೂಮಿಯನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಹುಟ್ಟುವಳಿಗಳ ಲೆಕ್ಕವಿಡಿಸಿ, ಅದರ ಆಧಾರದ ಮೇಲೆ ಕಂದಾಯ ಗೊತ್ತುಪಡಿಸಿದನೆಂಬ ಪ್ರತೀತಿಯಿದೆ. ೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಕೆಳದಿಯ ಆಳ್ವಿಕೆ ಕೊನೆಗೊಂಡಿತು. ಆದರೆ ಶಿಸ್ತಿನ ನೆನಪು ಕೊನೆಗೊಳ್ಳಲಿಲ್ಲ. ಆಳುವವನು ಮೊದಲು ತಾನೇ ಉತ್ತು ನೋಡಿ ಅನಂತರ ಕೇಳಬೇಕು ಎಂಬ ನ್ಯಾಯದ ಕಲ್ಪನೆ ಈ ಪ್ರತೀತಿಯ ತಿರುಳಾಗಿದೆ. ಅದರ ಪ್ರತಿಯೊಂದು ವಿವರವೂ ಐತಿಹಾಸಿಕವೇ ಎಂಬುದಕ್ಕಿಂತ, ಜನರು ಅದನ್ನು ಕಾಪಾಡಿಕೊಂಡು ಬಂದರು ಎಂಬುದು ಜಾನಪದ ಅಧ್ಯಯನಕ್ಕೆ ಮಹತ್ವದ ಸಂಗತಿ.

ಸದರಮಲ್ಲ ಎಂಬ ರೈತನ ಮಗನು ಬೂದಿ ಬಸವಪ್ಪನೆಂಬ ಹೆಸರಿನಲ್ಲಿ ಕೆಳದಿ ಮನೆತನದ ವಾರಸುದಾರನೆಂದು ಹೇಳಿಕೊಂಡು, ಆ ಅರಸರ ಮುದ್ರೆಗಳನ್ನು ಮುಂದಿಟ್ಟಾಗ ಜನ ಅವನ ಹಿಂದೆ ನಿಂತುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು. ಅವನ ವಂಶಾವಳಿಗಿಂತಲೂ, ಅವನ ಹೆಸರಿನೊಡನೆ ಬಂದ ಹಳೆಯ ನ್ಯಾಯದ ನೆನಪೇ ಅವರನ್ನು ಸೆಳೆದಿರಬೇಕು. ಜನರು ಅರಸೊತ್ತಿಗೆಯನ್ನು ನಿರಾಕರಿಸಲಿಲ್ಲ. ಅರಸನು ಹೇಗಿರಬೇಕೆಂಬುದನ್ನು ನೆನಪಿನಿಂದ ಎತ್ತಿ ತೋರಿಸಿದರು.

೪. ಕೂಟದ ಸ್ವರೂಪ

೧೮೩೦ರ ಉತ್ತರಾರ್ಧದಲ್ಲಿ ಹೊಸಂತೆ, ಬಸವಾಪಟ್ಟಣ ಮೊದಲಾದೆಡೆ ರೈತರ ಕೂಟಗಳು ಸೇರಿದವು. ಸುತ್ತಲ ಸೀಮೆಗಳಿಗೆ ಪತ್ರ ಹೋಗಿ, ಅಲ್ಲಲ್ಲಿ ಮತ್ತಷ್ಟು ಕೂಟಗಳು ಹುಟ್ಟಿಕೊಂಡವು. ಕೂಟವೆಂದರೆ ಕೇವಲ ಗುಂಪಲ್ಲ. ಊರ ನ್ಯಾಯ, ಜಾತ್ರೆ, ಕೆರೆ ಕೆಲಸಗಳಿಗೆ ಸೇರುವ ಜನ ಅದೇ ರೂಢಿಯನ್ನು ಪ್ರಭುತ್ವದೆದುರು ಬಳಸಿದ ಕ್ರಮವದು. ಕಂದಾಯ ತಡೆಹಿಡಿಯುವುದು, ಬೇಸಾಯ ಬಿಟ್ಟು ಒಂದೆಡೆ ಸೇರುವುದು, ಅಹವಾಲು ಕೇಳಲು ಮೇಲಿನವರು ಬರಲೆಂದು ಕಾಯುವುದು ಅದರ ಮುಖ್ಯ ವಿಧಾನಗಳು. ಆಯುಧಕ್ಕಿಂತ ಮೊದಲು ಅಹವಾಲು ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಅಹವಾಲಿಗೆ ದೊರೆತ ಉತ್ತರ ದಂಡು. ವಿಚಾರಣೆಗೆಂದು ಅಧಿಕಾರಿಗಳು ಬಂದರೂ ಕೊನೆಗೆ ಬಲಪ್ರಯೋಗವೇ ಮುಂದಾಯಿತು. ಗಲ್ಲು ಮೊದಲಾದ ಕಠಿಣ ಶಿಕ್ಷೆಗಳು ನಡೆದವು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಬಂಡೆದ್ದನು. ೧೮೩೧ರ ಜೂನ್‌ನಲ್ಲಿ ಕಂಪನಿಯ ಸೇನೆಯ ನೆರವಿನಿಂದ ನಗರವನ್ನು ಮರಳಿ ವಶಪಡಿಸಿಕೊಳ್ಳಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಸಂಸ್ಥಾನದ ಆಡಳಿತವನ್ನೇ ಒಡೆಯರ ಕೈಯಿಂದ ತೆಗೆದುಕೊಂಡನು.

೫. ಅವಿಶ್ವಾಸದ ತಪ್ಪು ಓದು

ಕಂಪನಿಯು ಈ ಅವಿಶ್ವಾಸವನ್ನು ಒಬ್ಬ ಅರಸನ ದೋಷವೆಂದು ಓದಿತು. ಆದರೆ ಅದೇ ೧೮೩೦-೩೧ರಲ್ಲಿ, ಘಟ್ಟದ ಕೆಳಗೆ ಕಂಪನಿಯೇ ನೇರವಾಗಿ ಆಳುತ್ತಿದ್ದ ಕೆನರಾ ಜಿಲ್ಲೆಯಲ್ಲಿಯೂ ರೈತರು ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದ್ದರು. ಅಲ್ಲಿ ದೂರಲು ಮೈಸೂರಿನ ಅರಸನಿರಲಿಲ್ಲ. ಎರಡೂ ಕಡೆ ಸಮಾನವಾಗಿದ್ದುದು ಕಂದಾಯದ ಭಾರ ಮತ್ತು ಕೇಳುವವರಿಲ್ಲದ ಸ್ಥಿತಿ. ದಂಗೆಯ ಕಾರಣಗಳನ್ನು ಪರಿಶೀಲಿಸಲು ನೇಮಕವಾದ ಹಾಕರ್ ಸಮಿತಿಯು ೧೮೩೩ರಲ್ಲಿ ವರದಿ ಸಲ್ಲಿಸಿದ ಮೇಲೆ ಬೆಂಟಿಂಕನೇ ತನ್ನ ಕ್ರಮದ ಬಗ್ಗೆ ಸಂದೇಹ ತಳೆದು, ರಾಜ್ಯದ ಒಂದು ಭಾಗವನ್ನಾದರೂ ಒಡೆಯರಿಗೆ ಹಿಂದಿರುಗಿಸಬೇಕೆಂದು ಬಯಸಿದನು. ಅದು ಕೈಗೂಡಲಿಲ್ಲ. ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಕಮಿಷನರನಾಗಿ ಆಳಿದನು. ಅಧಿಕಾರಕ್ಕಾಗಿ ದಶಕಗಳ ಕಾಲ ಮನವಿ ಮಾಡಿದ ಒಡೆಯರು ಅದನ್ನು ಮರಳಿ ಪಡೆಯದೆಯೇ ೧೮೬೮ರಲ್ಲಿ ತೀರಿಕೊಂಡರು.

ಆಳುವವರು ಬದಲಾದರು, ಅಮಲ್ದಾರನ ಕಚೇರಿ ಉಳಿಯಿತು. ಕೂಟ ಕಟ್ಟಿದ ರೈತನಿಗೆ ಕೆಳದಿಯ ಅರಸನೂ ಸಿಗಲಿಲ್ಲ, ಮೈಸೂರಿನ ಅರಸನೂ ಉಳಿಯಲಿಲ್ಲ. ರಾಗಿ ಬೀಸುವ ಗಾದೆಯ ಅರ್ಥ ಸ್ಪಷ್ಟವಾಗುವುದು ಇಂತಹ ಸಂದರ್ಭದಲ್ಲಿಯೇ.

೬. ಕೇಳುವ ಕಿವಿ

೧೮೮೧ರ ಮಾರ್ಚ್ ೨೫ರಂದು ಆಡಳಿತವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅದೇ ವರ್ಷ ಅಕ್ಟೋಬರ್ ೭ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ೧೪೪ ಸದಸ್ಯರ ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಚುನಾವಣೆ ಆರಂಭವಾದದ್ದು ಹತ್ತು ವರ್ಷದ ಅನಂತರ. ಅದು ಮಾಡುತ್ತಿದ್ದ ಕೆಲಸ ಮುಖ್ಯವಾಗಿ ಸರ್ಕಾರದ ವಿವರಣೆ ಕೇಳುವುದು, ತಮ್ಮ ಸೀಮೆಯ ಅಹವಾಲು ಹೇಳುವುದು. ಸಭೆಯು ಕೂಟದ ನೇರ ಫಲವೆಂದು ಹೇಳಲಾಗದು. ಆದರೂ ಐವತ್ತು ವರ್ಷಗಳ ಹಿಂದೆ ಕೂಟವು ಬಯಲಿನಲ್ಲಿ ಕೂತು ಬೇಡಿದ್ದು ಇದಕ್ಕಿಂತ ಬಹಳ ಹೆಚ್ಚಿನದೇನಾಗಿರಲಿಲ್ಲ.

ಪ್ರಜೆಗಳ ಅವಿಶ್ವಾಸವನ್ನು ರಾಜದ್ರೋಹವೆಂದೋ ಅಜ್ಞಾನವೆಂದೋ ಬಗೆಯುವ ವಾಡಿಕೆ ಆಳುವವರಲ್ಲಿ ಹಳೆಯದು. ನಗರ ದಂಗೆಯ ಅಧ್ಯಯನ ಅದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ. ದೂರು ಹೇಳುವವನಲ್ಲಿ ಇನ್ನೂ ನಂಬಿಕೆ ಉಳಿದಿರುತ್ತದೆ. ಕೇಳುವವನೊಬ್ಬನಿದ್ದಾನೆ ಎಂದುಕೊಂಡೇ ಅವನು ಬಾಯಿ ತೆರೆಯುತ್ತಾನೆ. ಪೂಜಾರಿಯ ಗಾದೆ, ಬೇಲಿಯ ಗಾದೆ ಕೇಳಿಬರುವವರೆಗೆ ಪ್ರಭುತ್ವಕ್ಕೆ ತಿದ್ದಿಕೊಳ್ಳಲು ಅವಕಾಶವಿದೆ. ಜನ ದೂರುವುದನ್ನು ಬಿಟ್ಟು ರಾಗಿ ಬೀಸುವ ಗಾದೆಗೆ ಬಂದು ನಿಂತಾಗ ರಾಜ್ಯವು ಶಾಂತವಾಗಿರುವಂತೆ ತೋರಬಹುದು. ಆಳುವವರು ನಿಜಕ್ಕೂ ಅಂಜಬೇಕಾದದ್ದು ಆ ಶಾಂತಿಗೇ.