ನೆಲ ನೋಡಿ ರಂಗೋಲಿ

ಕಳೆದ ದೀಪಾವಳಿಗೆ ಅಮ್ಮ ಗದಗಿನಿಂದ ಪುಣೆಗೆ ಬಂದಿದ್ದಳು. ಬೆಳಗ್ಗೆ ಎದ್ದು ಫ್ಲ್ಯಾಟಿನ ಬಾಗಿಲ ಮುಂದೆ ರಂಗೋಲಿ ಹಾಕಲು ಕೂತವಳು ಎರಡು ಎಳೆ ಎಳೆದು ಸುಮ್ಮನಾದಳು. ನೆಲದ ಟೈಲ್ಸೂ ಬಿಳಿ, ಪುಡಿಯೂ ಬಿಳಿ. "ನೆಲದ ಬಣ್ಣ ನೋಡದ ರಂಗೋಲಿ ಹಾಕಿದ್ರ ಹೆಂಗ ಕಾಣ್ತದೋ? ಒಂಚೂರು ಕೆಮ್ಮಣ್ಣು ತಂದುಕೊಡು" ಅಂದಳು. ಇಲ್ಲಿಯ ಮರಾಠಿ ಮಂದಿ ಅದಕ್ಕೆ 'ಗೇರು' ಅನ್ನುತ್ತಾರೆ. ತಂದುಕೊಟ್ಟೆ. ಕೆಂಪು ನೆಲದ ಮೇಲೆ ಬಿಳಿ ಎಳೆ ಎದ್ದು ಕಂಡಿತು.

ಅವಳ ಮಾತು ಕೇಳಿ ಸುಮಾರು ಹತ್ತು ವರ್ಷದ ಹಿಂದೆ ನಾನೇ ಮಾಡಿದ ಒಂದು ತಪ್ಪು ನೆನಪಾಯಿತು.

ನನ್ನ ವಯಸ್ಸಿನವರು ಬಹಳ ಮಂದಿ ಕಾಲೇಜಿನಲ್ಲಿ ವಿಷುಯಲ್ ಬೇಸಿಕ್ ಕಲಿತವರೇ. ಫಾರ್ಮ್ ಮೇಲೆ ಒಂದು ಬಟನ್ ಎಳೆದು ತಂದು ಕೂರಿಸುವುದು, ಪ್ರಾಪರ್ಟೀಸ್ ಕಿಟಕಿಯಲ್ಲಿ ಅದರ ಬಣ್ಣ ಬದಲಿಸುವುದು, ಇದೇ ನಮ್ಮ ಮೊದಲ ಸಂಭ್ರಮ. ಅಲ್ಲಿ ಎರಡು ಗುಣಗಳು ಇರುತ್ತವೆ. ಬ್ಯಾಕ್‌ಕಲರ್ ಅಂದರೆ ಹಿನ್ನೆಲೆಯ ಬಣ್ಣ, ಫೋರ್‌ಕಲರ್ ಅಂದರೆ ಅದರ ಮೇಲಿನ ಅಕ್ಷರದ ಬಣ್ಣ. ಒಂದು ನೆಲ, ಇನ್ನೊಂದು ರಂಗೋಲಿ. ಮುಂದೆ ಡಾಟ್‌ನೆಟ್ ವಿಂಡೋಸ್ ಫಾರ್ಮ್ಸ್ ಬಂದಾಗಲೂ ಅವೇ ಹೆಸರುಗಳು ಉಳಿದವು. ವೆಬ್ ಪುಟದ ಸಿಎಸ್ಎಸ್‌ನಲ್ಲಿ 'ಬ್ಯಾಕ್‌ಗ್ರೌಂಡ್ ಕಲರ್' ಮತ್ತು ಬರೀ 'ಕಲರ್' ಆದವು.

ಈ ಎರಡನ್ನೂ ನಾವು ಹೇಳದಿದ್ದರೆ ಏನಾಗುತ್ತದೆ? ಲೇಬಲ್‌ನಂಥ ಕಂಟ್ರೋಲ್ ತಾನು ಕೂತಿರುವ ಫಾರ್ಮ್ ಅಥವಾ ಪ್ಯಾನೆಲ್‌ನ ಬಣ್ಣವನ್ನೇ ತೆಗೆದುಕೊಳ್ಳುತ್ತದೆ. ಟೆಕ್ಸ್ಟ್‌ಬಾಕ್ಸ್ ಮಾತ್ರ ನೇರವಾಗಿ ವಿಂಡೋಸ್ ಅನ್ನೇ ಕೇಳುತ್ತದೆ: "ಈ ಕಂಪ್ಯೂಟರಿನಲ್ಲಿ ಕಿಟಕಿಯ ಬಣ್ಣ ಯಾವುದು, ಅಕ್ಷರದ ಬಣ್ಣ ಯಾವುದು?" ಸಾಮಾನ್ಯವಾಗಿ ಉತ್ತರ ಬಿಳಿ ಮತ್ತು ಕಪ್ಪು. ಸಾಮಾನ್ಯವಾಗಿ ಅಷ್ಟೇ, ಯಾವಾಗಲೂ ಅಲ್ಲ. ನಾನು ಎಡವಿದ್ದು ಅಲ್ಲೇ.

ಆಗ ನಾವು ಒಂದು ಆಸ್ಪತ್ರೆಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಕಡ್ಡಾಯವಾಗಿ ತುಂಬಬೇಕಾದ ಖಾನೆಗಳು ಎದ್ದು ಕಾಣಲೆಂದು ಅವುಗಳ ಬ್ಯಾಕ್‌ಕಲರನ್ನು ತಿಳಿಹಳದಿ ಮಾಡಿದೆ. ಒಂದೇ ಸಾಲಿನ ಕೋಡ್. ಫೋರ್‌ಕಲರ್ ಮುಟ್ಟಲಿಲ್ಲ, ಅದು ಹೇಗೂ ಕಪ್ಪೇ ತಾನೇ? ನಮ್ಮ ಕಂಪ್ಯೂಟರುಗಳಲ್ಲೆಲ್ಲ ಚೆನ್ನಾಗಿ ಕಂಡಿತು, ಟೆಸ್ಟಿಂಗ್ ಕೂಡ ಪಾಸಾಯಿತು.

ಮೂರು ವಾರದ ನಂತರ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ಕೌಂಟರಿನಲ್ಲಿದ್ದ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಕೆಲಸ ಮಾಡುವುದನ್ನು ನೋಡುತ್ತ ನಿಂತೆ. ಅವರ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು, ಬಿಳಿ ಪರದೆ ಕೋರೈಸುತ್ತಿತ್ತು. ಯಾರೋ ಅವರಿಗೆ ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಥೀಮ್ ಹಾಕಿಕೊಟ್ಟಿದ್ದರು. ಅಲ್ಲಿ ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. ನನ್ನ ಖಾನೆಗಳು ಹಿನ್ನೆಲೆಯನ್ನು ನನ್ನಿಂದ ಪಡೆದು ತಿಳಿಹಳದಿಯಾಗಿದ್ದವು, ಅಕ್ಷರವನ್ನು ಥೀಮ್‌ನಿಂದ ಪಡೆದು ಬಿಳಿಯಾಗಿದ್ದವು. ಹಳದಿಯ ಮೇಲೆ ಬಿಳಿ! ರೋಗಿಯ ಹೆಸರು, ಮೊತ್ತ, ಯಾವುದೂ ಕಾಣುತ್ತಿರಲಿಲ್ಲ. ಅವರು ಅಂದಾಜಿನ ಮೇಲೆ ಟೈಪ್ ಮಾಡಿ, ಪ್ರಿಂಟ್ ತೆಗೆದು, ತಪ್ಪಿದ್ದರೆ ಮತ್ತೆ ತಿದ್ದುತ್ತಿದ್ದರು.

"ಯಾಕೆ ಹೇಳಲಿಲ್ಲ ಕಾಕೂ?" ಎಂದು ಕೇಳಿದೆ. ಕಣ್ಣು ಇನ್ನೂ ಹಾಳಾಗಿದೆ ಎಂದುಕೊಂಡೆ, ಹೇಳಿದರೆ ಕೌಂಟರಿನಿಂದ ತೆಗೆದುಬಿಡುತ್ತಾರೇನೋ ಎಂದು ಹೆದರಿ ಸುಮ್ಮನಿದ್ದೆ ಎಂದರು. ಮೂರು ವಾರ ಅವರು ದೂಷಿಸಿದ್ದು ತಮ್ಮ ಕಣ್ಣನ್ನು. ತಪ್ಪು ಇದ್ದದ್ದು ನಾನು ಬರೆಯದೇ ಬಿಟ್ಟ ಒಂದು ಸಾಲಿನಲ್ಲಿ.

ಈ ಕಾಣುವಿಕೆಯನ್ನು ಅಳೆಯುವ ಲೆಕ್ಕವೂ ಇದೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಹೊರತಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯಲ್ಲಿ ಅದು ಸಿಗುತ್ತದೆ. ಪ್ರತಿ ಬಣ್ಣಕ್ಕೂ ಒಂದು ಬೆಳಕಿನ ಅಂಕ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಗುತ್ತದೆ, ನೀಲಿ ತೀರಾ ಕಡಿಮೆ. ಹಾಗಾಗಿ ಆ ಅಂಕದಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು 21, ನೀಲಿಯದು 7. ಎರಡು ಬಣ್ಣಗಳ ಅಂಕಕ್ಕೂ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಕಾಂಟ್ರಾಸ್ಟ್ ಅನುಪಾತ. ಬಿಳಿಯ ಮೇಲೆ ಕಪ್ಪು 21, ಅದೇ ಗರಿಷ್ಠ. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ನನ್ನ ತಿಳಿಹಳದಿಯ ಮೇಲಿನ ಬಿಳಿಯದು ಎಷ್ಟು ಗೊತ್ತೇ? 1.02. ಡಿಸೈನರುಗಳಿಗೆ ಪ್ರಿಯವಾದ #999999 ಎಂಬ ಬೂದು ಅಕ್ಷರ ಬಿಳಿಯ ಮೇಲೆ ಬರೀ 2.85.

ನಮ್ಮ ಬಾವುಟದ ಅರಿಶಿನ-ಕುಂಕುಮವೂ ಈ ಲೆಕ್ಕದಿಂದ ಹೊರತಲ್ಲ. ಪರದೆಯ ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಇಟ್ಟರೆ ಬರುವುದು ಸುಮಾರು 3.7. ರಾಜ್ಯೋತ್ಸವದ ಆಮಂತ್ರಣದಲ್ಲಿ ದೊಡ್ಡ ಶೀರ್ಷಿಕೆಗೆ ನಡೆಯುತ್ತದೆ. ಕೆಳಗೆ ಸಣ್ಣದಾಗಿ ಬರೆಯುವ ಸ್ಥಳ, ಸಮಯಕ್ಕೆ ಸಾಲದು. ಕೆಂಪನ್ನು ಸ್ವಲ್ಪ ಗಾಢ ಮಾಡಿದರೆ ಸರಿಹೋಗುತ್ತದೆ. ಕನ್ನಡಕ್ಕಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ಒತ್ತಕ್ಷರಗಳು ಕೆಳಗೆ ಪುಟ್ಟದಾಗಿ ಕೂರುತ್ತವೆ. ಬಣ್ಣ ಮಸುಕಾದರೆ ಮೊದಲು ಮಾಯವಾಗುವುದು ಅವೇ.

ನಾನು ಕಲಿತ ನಿಯಮ ಸಣ್ಣದು. ಬಣ್ಣ ಹೇಳುವುದಾದರೆ ಎರಡನ್ನೂ ಹೇಳು, ಇಲ್ಲವಾದರೆ ಎರಡನ್ನೂ ವ್ಯವಸ್ಥೆಗೇ ಬಿಡು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದನ್ನು ಡಬ್ಲ್ಯು3ಸಿ ದೋಷವೆಂದೇ ಪಟ್ಟಿ ಮಾಡಿದೆ. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13 ಡಾರ್ಕ್ ಮೋಡ್ ತಂದ ಮೇಲೆ ಈ ತಪ್ಪು ಕಣ್ಣು ಚೆನ್ನಾಗಿರುವವರಿಗೂ ತಾಗುತ್ತಿದೆ. ಇನ್ನೊಂದು ಮಾತು: ಬಣ್ಣ ಒಂದನ್ನೇ ನಂಬಬೇಡಿ. ಕೆಂಪು-ಹಸಿರು ಬೇರ್ಪಡಿಸಿ ನೋಡಲಾಗದವರು ನಮ್ಮ ನಡುವೆಯೇ ಇದ್ದಾರೆ. ಕಡ್ಡಾಯ ಖಾನೆಯ ಪಕ್ಕ ಒಂದು ನಕ್ಷತ್ರ ಚಿಹ್ನೆಯನ್ನೋ 'ಕಡ್ಡಾಯ' ಎಂಬ ಪದವನ್ನೋ ಇಡಿ.

ಅವತ್ತು ನಾನು ಹಳದಿಯನ್ನು ತೆಗೆದು ನಕ್ಷತ್ರ ಹಾಕಿದೆ. ಸಂಜೆಯೊಳಗೆ ಮುಗಿಯಿತು. ಕಾಕೂ ಮೊದಲ ಹೆಸರು ಟೈಪ್ ಮಾಡಿ, ಪರದೆ ನೋಡಿ, ಮತ್ತೊಮ್ಮೆ ನೋಡಿ, "ಕಾಣುತ್ತಿದೆ" ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು.

ಈ ಪತ್ರಿಕೆ ಓದುವವರಲ್ಲಿ ನನ್ನಂತೆ ಕೋಡ್ ಬರೆದು ಹೊಟ್ಟೆ ಹೊರೆಯುವವರು ಬಹಳ ಮಂದಿ ಇದ್ದೀರಿ. ನಾಳೆ ಆಫೀಸಿನಲ್ಲಿ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್‌ಸ್ಕ್ರೀನ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ ಒಮ್ಮೆ ಕೇಳಿ ಹೈ ಕಾಂಟ್ರಾಸ್ಟ್‌ಗೆ ತಿರುಗುತ್ತದೆ. ಮತ್ತೆ ಒತ್ತಿದರೆ ಮೊದಲಿನಂತಾಗುತ್ತದೆ. ಆ ನಡುವೆ ನಿಮ್ಮ ಅಪ್ಲಿಕೇಶನ್ನಿನ ಫಾರ್ಮ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಎಲ್ಲ ಅಕ್ಷರಗಳೂ ಕಾಣುತ್ತಿವೆಯೇ?